ರೇವಮ್ಮನ ಬದನೆಯ ನೆರಳು

ನಮ್ಮೂರಲ್ಲಿ ಮೋಡ ಕವಿದ ದಿನ ತರಕಾರಿ ವ್ಯಾಪಾರವಿಲ್ಲ. ಬಿಸಿಲಿಲ್ಲದೆ ನೆರಳು ನೋಡುವುದು ಹೇಗೆ? ಸರ್ಕಾರಿ ಗೊಬ್ಬರ ಹಾಕಿ, ಔಷಧಿ ಹೊಡೆದು ಬೆಳೆದ ಕಾಯಿಗೆ ಇಲ್ಲಿ ನೆರಳು ಬೀಳುವುದಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದದ್ದಕ್ಕೆ ಬೀಳುತ್ತದೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಅತ್ತೆ ಒಂದು ಹೀರೇಕಾಯಿಯನ್ನು ಬಾಗಿಲ ಬಿಸಿಲಿಗೆ ಹಿಡಿದು, "ಇದು ಅಂಗಡಿ ಗೊಬ್ಬರದ್ದು, ಸಪ್ಪೆ ಇರ್ತದೆ, ಖಾರ ಒಂಚೂರು ಮುಂದಾಗಿ ಹಾಕು" ಎಂದು ಹೇಳಿ ನನ್ನ ಕೈಗೆ ಕೊಡುತ್ತಿದ್ದರು. ಅಷ್ಟೇ. ಬೆಂದ ಮೇಲೆ ಎಲ್ಲವೂ ಒಂದೇ ಸಾರಿನಲ್ಲಿ ಇರುತ್ತಿದ್ದವು.

ದೊಡ್ಡದಾದದ್ದು ಪೇಟೆಯವರಿಗೆ ಗೊತ್ತಾದ ಮೇಲೆ. ವಸುಧಾ ಮೇಡಂ ಎಂಬವರು ಯಾರದೋ ಮದುವೆಗೆ ಬಂದವರು ಸಂತೆಯಲ್ಲಿ ಒಂದು ಬುಟ್ಟಿ ಬೆಂಡೆಕಾಯಿ ಕೊಂಡುಹೋದರು. ಮುಂದಿನ ವಾರ ವ್ಯಾನ್ ತಂದರು. ಪೇಟೆಯಲ್ಲಿ ಜನ ನಮ್ಮ ಕಾಯಿಯನ್ನು ಬಾಲ್ಕನಿಯಲ್ಲಿಟ್ಟು, ನೆರಳು ನೋಡಿ, ಅದರ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸಿ, ಆಮೇಲೆ ಅಡುಗೆಗೆ ತೆಗೆದುಕೊಳ್ಳುತ್ತಾರಂತೆ. ನೆರಳಿದ್ದ ಕಾಯಿಗೆ ಇಲ್ಲದ್ದಕ್ಕಿಂತ ಮೂರು ಪಟ್ಟು ಬೆಲೆ ಬಂತು. ಆ ಬೆಲೆ ಬಂದ ಮೇಲೆ ಊರಿನಲ್ಲಿ ನೆರಳಿನ ಕಾಯಿ ತಿನ್ನುವವರೇ ಇಲ್ಲವಾದರು. ತನ್ನ ಹೊಲದ ಕಾಯಿಯನ್ನು ವ್ಯಾನಿಗೆ ಹಾಕಿ, ಬರುವಾಗ ಇನ್ನೊಬ್ಬರ ಹೊಲದ ನೆರಳಿಲ್ಲದ ಕಾಯಿ ಕೊಂಡು ಮನೆಗೆ ಹೋಗುವುದು ಎಲ್ಲರಿಗೂ ರೂಢಿಯಾಯಿತು. ಅದರಲ್ಲಿ ನಾಚಿಕೆಪಡುವಂಥದ್ದೇನಿದೆ ಎಂದು ನಾವು ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಸಂತೆ ಮೈದಾನದಲ್ಲಿ ಎರಡು ಬೇವಿನ ಮರಗಳಿದ್ದವು. ಅವುಗಳ ನೆರಳು ಕಾಯಿಯ ನೆರಳಿಗೆ ಅಡ್ಡ ಬರುತ್ತದೆಂದು ಕಡಿಸಿದರು. ಅಂದಿನಿಂದ ಹೆಂಗಸರು ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂರುತ್ತಾರೆ.

ನೆರಳು ನೋಡಲು ಒಬ್ಬರು ಬೇಕಲ್ಲ. ನಾಲ್ಕು ಮೊಳದ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಎಂಟು ಗಂಟೆಯ ಬಿಸಿಲಿನಲ್ಲಿ ಕಾಯಿ ಇಟ್ಟು ನೋಡಿ, ಇದೆ ಅಥವಾ ಇಲ್ಲ ಎಂದು ಹೇಳುವ ಕೆಲಸ. ಮೊದಲು ಅದನ್ನು ಗಂಗಜ್ಜಿ ಮಾಡುತ್ತಿದ್ದಳು. ಅವಳ ಕಣ್ಣು ಮಂಜಾದ ಮೇಲೆ ಊರಿನ ಬೆಳೆಗಾರರ ಸಂಘದವರು ಆ ಬಟ್ಟೆಯನ್ನು ನನಗೆ ಕೊಟ್ಟರು. ನಾನು ಏಳನೇ ಕ್ಲಾಸು ಓದಿದ್ದೆ, ಯಾರ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತು ಕಡಿಮೆಯಿದ್ದವಳು ನ್ಯಾಯವಾಗಿರುತ್ತಾಳೆಂದು ಅವರಿಗೆ ಅನ್ನಿಸಿರಬೇಕು. ದಾಕ್ಷಾಯಣಿ ಎಂಬ ನನ್ನ ಹೆಸರು ಮರೆತುಹೋಗಿ ಊರಿಗೆಲ್ಲ ನಾನು ಬಟ್ಟೆ ಅಕ್ಕ ಆದೆ. ಗಂಗಜ್ಜಿ ಸಂತೆಯ ಮೂಲೆಯಲ್ಲಿ ಸೊಪ್ಪು ಮಾರುತ್ತಾ ಕೂತಿರುತ್ತಿದ್ದಳು. ಬಟ್ಟೆ ಕೊಡುವ ದಿನ ಅವಳು ಹೇಳಿದ್ದು ಇಷ್ಟೇ: "ಅಂಟುವಾಳದ ನೀರಲ್ಲಿ ಒಗಿ. ಬೇರೆ ಏನೂ ಹಾಕಬ್ಯಾಡ. ಹಳದಿ ಆದ್ರೆ ಆಗ್ಲಿ."

ಇನ್ನೊಂದು ಕಟ್ಟಳೆ ಇತ್ತು. ಬಟ್ಟೆಯ ಮೇಲೆ ಒಮ್ಮೆ ಇಲ್ಲ ಎಂದ ಹೊಲದ ಕಾಯಿಯನ್ನು ಒಂದು ವರ್ಷ ಮತ್ತೆ ಇಡುವಂತಿಲ್ಲ. ಮೊದಲು ಜನ ದಿನಾ ಬುಟ್ಟಿ ತಂದು, ಇವತ್ತು ನೋಡು, ನಾಳೆ ನೋಡು ಎಂದು ಪ್ರಾಣ ತಿನ್ನುತ್ತಿದ್ದರಂತೆ. ಅದಕ್ಕೆ ಹಾಗೆ ಮಾಡಿದರು. ನೋಡಿದವಳೇ ಆ ಮನೆಗೆ ಹೋಗಿ, ನನ್ನಿಂದ ತಪ್ಪಾಯಿತು, ಬನ್ನಿ ಎಂದು ಕರೆದರೆ ಮಾತ್ರ ಮತ್ತೆ ಇಡಬಹುದು. ಗಂಗಜ್ಜಿ ತನ್ನ ಕಾಲದಲ್ಲಿ ಎರಡು ಸಲ ಹಾಗೆ ಹೋಗಿದ್ದಳು. ನಾನು ಒಮ್ಮೆಯೂ ಹೋಗಲಿಲ್ಲ. ಈಗ ಹೇಳಲು ಹೊರಟಿರುವುದು ಅದನ್ನೇ.

ರೇವಮ್ಮ ನನ್ನ ವಾರಗಿತ್ತಿ, ನನ್ನ ಮೈದುನ ಮರಿಸ್ವಾಮಿಯ ಹೆಂಡತಿ. ಇದೇ ಊರಿನ ಇನ್ನೊಂದು ತುದಿಯವಳು. ಅರಿಶಿನ ಕುಂಕುಮಕ್ಕೆಂದು ತವರಿನವರು ಇಪ್ಪತ್ತು ಗುಂಟೆ ಹೊಲವನ್ನು ಅವಳ ಹೆಸರಿಗೇ ಬರೆದುಕೊಟ್ಟಿದ್ದರು. ನನ್ನ ಹೆಸರಿನಲ್ಲಿ ಒಂದು ಹೂವಿನ ಕುಂಡವೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಆಮೇಲೆ ಮಾಡಿದ್ದರಲ್ಲಿ ಇದರ ಪಾಲೂ ಇದೆಯೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ನಕ್ಕರೆ ಅಡುಗೆಮನೆಯಲ್ಲಿದ್ದವರು ಕೆಲಸ ಬಿಟ್ಟು ಹೊರಗೆ ಬರುತ್ತಿದ್ದರು. ಅತ್ತೆ ಸಾಯುವ ಮುಂಚೆ ನೀರು ಕೇಳಿದ್ದು ಅವಳ ಕೈಯಿಂದ. ಹತ್ತು ವರ್ಷ ಆ ಮುದುಕಿಯ ಕಾಲು ಒತ್ತಿದವಳು ನಾನು.

ಅವಳ ಹೊಲಕ್ಕೆ ಮದುವೆಯಾದಾಗಿನಿಂದ ಯೂರಿಯಾ ಬೀಳುತ್ತಿತ್ತು. ಬಿಟ್ಟುಬಿಡುತ್ತೇನೆಂದು ಅವಳು ಹೊರಟಾಗ ಮರಿಸ್ವಾಮಿ ನಮ್ಮ ಜಗಲಿಗೆ ಬಂದು ಕೂತ. "ಅತ್ತಿಗೆ, ಇವಳಿಗೆ ನೀವಾದ್ರೂ ಹೇಳಿ. ಗೊಬ್ಬರ ನಿಲ್ಲಿಸಿದ್ರೆ ನೆರಳು ಬರಕ್ಕೆ ಮೂರು ವರ್ಷ. ಅಲ್ಲೀಗಂಟ ಅರ್ಧ ಬೆಳೆ. ಅರ್ಧ ಬೆಳೆಗೆ ಎರಡರಷ್ಟು ಕಳೆ, ಎರಡರಷ್ಟು ಆಳು. ಬೆಲೆ ಮಾತ್ರ ನೆರಳಿಲ್ಲದ್ದರ ಬೆಲೆ. ಈ ಮೂರು ವರ್ಷ ಪೇಟೆಯೋರು ನಮ್ಮ ಕಾಯಿ ತಿಂತಾರಾ?"

"ನಾನು ತಿಂತೀನಿ ಬಿಡಿ" ಎಂದಳು ಅವನ ಹಿಂದೆಯೇ ಬಂದಿದ್ದ ರೇವಮ್ಮ.

"ನನ್ನ ತಲೆ ತಿಂತಾ ಇದ್ದೀಯಲ್ಲ, ಅದು ಸಾಲ್ದಾ?"

"ಅದರಲ್ಲಿ ತಿನ್ನಕ್ಕೆ ಏನೂ ಇಲ್ಲ ಅಂತ ತಾನೇ ಬದನೆ ಹಾಕ್ತಾ ಇರೋದು."

ಅವನೂ ನಕ್ಕ. ಮರಿಸ್ವಾಮಿ ಕೆಟ್ಟವನಲ್ಲ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನೆರಳು ಬೇಕೆನ್ನುವವರು ನೆರಳು ಬಂದ ಮೇಲೆ ಬರುತ್ತಾರೆ. ಅದು ಬರುವವರೆಗಿನ ಮೂರು ವರ್ಷ ಯಾರದೂ ಅಲ್ಲ, ಮಾಡುವವರ ತಲೆಯ ಮೇಲಿನದು. ಕೊನೆಗೆ ಅವನು ಒಪ್ಪಿದ್ದು ಹೀಗೆ: ಮೂರು ವರ್ಷ ನಿನ್ನಿಷ್ಟ. ಮೂರನೇ ವರ್ಷ ಬಟ್ಟೆಯ ಮೇಲೆ ನೆರಳು ಬೀಳದಿದ್ದರೆ ಮತ್ತೆ ಈ ಮಾತು ಎತ್ತುವಂತಿಲ್ಲ, ಕೋಸು ಹಾಕುವುದು, ಲಾರಿಗೆ ತುಂಬುವುದು. ಲಾರಿ ಹೋಗುವ ಮಂಡಿಯಲ್ಲಿ ನೆರಳು ಕೇಳುವವರಿಲ್ಲ, ತೂಕ ಕೇಳುತ್ತಾರೆ. ರೇವಮ್ಮ ನನ್ನ ಕಡೆ ನೋಡಿ, "ನೀನೇ ಸಾಕ್ಷಿ ಅಕ್ಕ" ಎಂದಳು.

ಮೊದಲ ವರ್ಷ ಗಿಡಗಳು ಬಾಣಂತಿಯರ ಹಾಗೆ ಬಿಳಿಚಿಕೊಂಡವು. ಎರಡನೇ ವರ್ಷ ಕಾಯಿಕೊರಕ ಬಂದು ಮೂರರಲ್ಲಿ ಎರಡು ಕಾಯಿ ತೂತು. ಅವಳು ಸೂರ್ಯ ಏರುವ ಮುಂಚೆ ಹೊಲಕ್ಕೆ ಹೋಗಿ ಬಾಡಿದ ಕುಡಿಗಳನ್ನು ಒಂದೊಂದಾಗಿ ಚಿವುಟಿ, ಒಳಗಿನ ಹುಳವನ್ನು ಉಗುರಿನಲ್ಲಿ ತೆಗೆದು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದಳು. ಬೇವಿನ ಬೀಜ ಕುಟ್ಟಿ ಕುಟ್ಟಿ ಅವಳ ಕೈ ಕಹಿಯಾಗಿತ್ತು. ಅವಳು ಕಲಸಿದ ಅನ್ನ ಮಗಳು ತಿನ್ನುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಬೇರೆಯವರ ನೆರಳಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಕಾಯಿ ಬಿಡಿಸುವಾಗ ಒಂದನ್ನೂ ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಯಾರಾದರೂ ಎರಡು ಇಟ್ಟುಕೋ ಎಂದರೆ, "ನಂದೇ ಬತ್ತದೆ, ಇರಲಿ" ಎನ್ನುತ್ತಿದ್ದಳು.

ಮೂರನೇ ವರ್ಷ ಗಿಡ ಸೊಂಟದವರೆಗೆ ಬೆಳೆಯಿತು. ದಿನಾ ಬೆಳಿಗ್ಗೆ ಹೊಲದಿಂದ ಬರುವಾಗ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು "ಬಂತಾ?" ಎಂದು ಕೇಳುತ್ತಿದ್ದೆ. ಬೆಕ್ಕಿನ ಮರಿಗಳ ಬಗ್ಗೆ ಹೇಳುವಂತೆ ಅವಳು, "ಇನ್ನೂ ಕಣ್ಣು ಬಿಟ್ಟಿಲ್ಲ" ಎನ್ನುತ್ತಿದ್ದಳು. ಒಂದು ಭಾನುವಾರ ಏನೂ ಹೇಳದೆ ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. "ಅಕ್ಕ, ಕೆಂಪು ಮಣ್ಣಿನ ಮೇಲೆ ಸರಿಯಾಗಿ ಕಾಣಲ್ಲ. ಆದ್ರೆ ಏನೋ ಐತೆ. ಮಜ್ಜಿಗೆ ನೀರಿನಂಗೆ ತೆಳ್ಳಗೆ. ಮಂಗಳವಾರ ಸಂತೆಗೆ ತರ್ತೀನಿ."

"ತೆಳ್ಳಗಿದ್ರೂ ನಡೀತದೆ. ಎಳೆ ನೆರಳೂ ನೆರಳೇ" ಎಂದೆ. ಅದು ಸಂಘದ ಮಾತೇ, ನನ್ನದಲ್ಲ. ಮೊದಲ ಸಲ ಬರುವ ನೆರಳು ಯಾವತ್ತೂ ಎಳೆಯದೇ. ಎರಡು ಮೂರು ಬೆಳೆ ಕಳೆದ ಮೇಲೆ ಬಲಿಯುತ್ತದೆ.

ಆ ಮಂಗಳವಾರ ವಸುಧಾ ಮೇಡಂ ಪೇಟೆಯಿಂದ ಹತ್ತು ಹನ್ನೆರಡು ಗಿರಾಕಿಗಳನ್ನು ಕರೆತರುವವರಿದ್ದರು. ತಾವು ತಿನ್ನುವುದು ಎಲ್ಲಿಂದ ಬರುತ್ತದೆಂದು ನೋಡಬೇಕಂತೆ. ಸೋಮವಾರ ಮಧ್ಯಾಹ್ನ ನಾನು ಬಟ್ಟೆ ಒಗೆಯಲು ಕೂತೆ. ಅಂಟುವಾಳದಲ್ಲಿ ಎಷ್ಟು ಉಜ್ಜಿದರೂ ಹಳೇ ಹಲ್ಲಿನ ಬಣ್ಣ ಬಿಡುತ್ತಿರಲಿಲ್ಲ. ಫೋಟೋ ತೆಗೆಯುತ್ತಾರೆ, ಪೇಟೆಯವರು, ಇದೇನು ಇಷ್ಟು ಕೊಳಕು ಅನ್ನುತ್ತಾರೆ ಎಂದುಕೊಂಡು ಯಜಮಾನರ ಪಂಚೆಗೆ ಹಾಕುವ ನೀಲಿಯ ನಾಲ್ಕು ಹನಿ ಬಕೆಟ್ಟಿಗೆ ಬಿಟ್ಟೆ. ಒಣಗಿದ ಮೇಲೆ ಬಟ್ಟೆ ಕಣ್ಣು ಕುಕ್ಕುವ ಹಾಗೆ ಬೆಳ್ಳಗಾಗಿತ್ತು. ನಾನು ಅದನ್ನು ಎರಡು ಸಲ ಮಡಚಿ ಬಿಚ್ಚಿ ನೋಡಿದೆ. ನಿಜ ಹೇಳಬೇಕೆಂದರೆ ಅಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಬೆಳಿಗ್ಗೆ ಮೇಡಂ ವ್ಯಾನಿನಿಂದ ಇಳಿದು ನನ್ನನ್ನು ಪಕ್ಕಕ್ಕೆ ಕರೆದರು. "ದಾಕ್ಷಾಯಣಿಯವರೇ, ಈಚೆಗೆ ಕಂಪ್ಲೇಂಟ್ ಬರ್ತಾ ಇದೆ. ಮೂರು ಪಟ್ಟು ಕೊಟ್ಟು ತಗೊಂಡ್ರೂ ನೆರಳು ಮಾಸಲು ಅಂತಾರೆ. ನಿಮ್ಮ ಮೇಲೆ ನಂಬಿಕೆ ಇದೆ ನನಗೆ. ಸ್ವಲ್ಪ ಕಟ್ಟುನಿಟ್ಟಾಗಿ ನೋಡಿ. ಇವರು ನಿಮ್ಮನ್ನೇ ನೋಡೋಕೆ ಬಂದಿರೋದು."

ನನ್ನನ್ನು ನೋಡಲು ಯಾರೂ ಯಾವತ್ತೂ ಎಲ್ಲಿಂದಲೂ ಬಂದಿರಲಿಲ್ಲ.

ಆ ಹೊಸ ಬಿಳುಪಿನ ಮೇಲೆ ಹಳೇ ಹೊಲಗಳ ಕಾಯಿಗಳ ನೆರಳು ಮಸಿಯಲ್ಲಿ ಬರೆದ ಹಾಗೆ ಬಿತ್ತು. ಬಂದವರು ಆಹಾ ಎಂದು ಬಗ್ಗಿ ಫೋಟೋ ತೆಗೆದರು. ಆಮೇಲೆ ರೇವಮ್ಮ ಬಂದಳು. ಕೆಂಪಂಚಿನ ಸೀರೆ ಉಟ್ಟಿದ್ದಳು, ಹಬ್ಬಕ್ಕೆ ಉಡುವುದು. ಬುಟ್ಟಿಯಿಂದ ಒಂದು ಬದನೆಕಾಯಿ ಆರಿಸಿ ಎರಡೂ ಕೈಯಲ್ಲಿ ಹಿಡಿದು ಬಟ್ಟೆಯ ನಡುವೆ ಇಟ್ಟಳು. ಮರಿಸ್ವಾಮಿ ಹಿಂದೆ ನಿಂತಿದ್ದ.

ನಾನು ನೋಡಿದೆ. ಬಟ್ಟೆ ಕಂಡಿತು. ಕಾಯಿ ಕಂಡಿತು. ಕಾಯಿಯ ಪಕ್ಕದಲ್ಲಿ ಏನೂ ಕಾಣಲಿಲ್ಲ. ತಲೆ ಇನ್ನೊಂದು ಕಡೆಗೆ ವಾಲಿಸಿ ನೋಡಿದೆ. ಏನೂ ಇಲ್ಲ. ಅವಳು ಇನ್ನೊಂದು ಕಾಯಿ ಇಟ್ಟಳು, ಮತ್ತೊಂದು ಇಟ್ಟಳು. ಸುತ್ತ ನಿಂತವರು ಹತ್ತಿರ ಬಂದು ಬಗ್ಗಿದರು. ಮೂಲೆಯಿಂದ ಗಂಗಜ್ಜಿ, "ದಾಕ್ಷಿ, ಅವಸರ ಮಾಡಬ್ಯಾಡ ಕಣೇ. ಬಟ್ಟೆ ಒಂಚೂರು ತಿರುಗಿಸಿ ನೋಡು" ಎಂದು ಕೂಗಿದಳು.

"ಸೊಪ್ಪಿನ ಕಟ್ಟು ಎಣಿಸೋದು ನೋಡಿಕೋ ಅಜ್ಜಿ. ನಿನಗೆ ಬುಟ್ಟಿನೇ ಕಾಣಲ್ಲ, ನೆರಳು ಕಂಡೀತಾ?" ಎಂದೆ. ಪೇಟೆಯವರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು. ಅದೇ ಹಿತದಲ್ಲಿ ರೇವಮ್ಮನ ಮುಖ ನೋಡದೆ, "ಇಲ್ಲ" ಎಂದೆ.

ರೇವಮ್ಮ ಬಗ್ಗಿದಳು. ಕಾಯಿಗಳನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡಳು. ಒಂದು ಉರುಳಿ ಬಟ್ಟೆಯ ಆಚೆ ಹೋಯಿತು, ಅದನ್ನು ಎತ್ತಿಕೊಳ್ಳಲಿಲ್ಲ. ಕನ್ನಡಕದ ಹೆಂಗಸೊಬ್ಬರು ಮೇಡಂ ಹತ್ತಿರ, ಇವರಿಬ್ಬರೂ ಒಂದೇ ಮನೆಯವರಾ ಎಂದು ಕೇಳಿದರು. ಸ್ವಂತ ವಾರಗಿತ್ತಿ ಎಂದು ಮೇಡಂ ಹೇಳಿದಾಗ ಆ ಹೆಂಗಸು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. "ತಮ್ಮ ಮನೆಯವರನ್ನೂ ಬಿಡಲಿಲ್ಲ ನೋಡಿ, ಇಂಥವರು ಬೇಕು" ಎಂದರು. ರೇವಮ್ಮ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಆ ಚಪ್ಪಾಳೆಯ ನಡುವೆಯೇ ನಡೆದುಹೋದಳು.

ಸಂಜೆ ನಾಲ್ಕರ ಸುಮಾರಿಗೆ ಬಟ್ಟೆ ಮಡಚುವಾಗ ಆ ಉರುಳಿದ ಬದನೆಕಾಯಿ ನನ್ನ ಚೀಲದಲ್ಲಿತ್ತು. ಯಾರು ಹಾಕಿದರೋ, ನಾನೇ ಹಾಕಿಕೊಂಡಿದ್ದೆನೋ. ಮನೆಗೆ ಬಂದು, ಅಡುಗೆಗೆ ಆದೀತೆಂದು ಅದನ್ನು ಜಗಲಿಯ ಮೇಲಿಟ್ಟು ಕಾಲು ತೊಳೆಯಲು ಹೋದೆ. ಗೌರಿ ಹಬ್ಬಕ್ಕೆಂದು ಜಗಲಿಗೆ ಸುಣ್ಣ ಬಳಿದಿದ್ದೆ. ತಿರುಗಿ ಬಂದಾಗ ಸುಣ್ಣದ ಮೇಲೆ ಕಾಯಿಯ ಪಕ್ಕದಲ್ಲಿ ಒಂದು ನೆರಳು ಮಲಗಿತ್ತು. ತೆಳ್ಳಗೆ, ಮಜ್ಜಿಗೆ ನೀರಿನ ಹಾಗೆ, ಆದರೆ ತೊಟ್ಟಿನ ಮುಳ್ಳು ಸಮೇತ ಇತ್ತು. ಅದಕ್ಕೆ ನಸುನೀಲಿ ಬಣ್ಣ. ಹೊಸ ನೆರಳಿಗೆ ಆ ಬಣ್ಣವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ಹಳದಿ ಬಟ್ಟೆಯ ಮೇಲೆ ಅದು ಬರೀ ಮಾಸಲಾಗಿ ಕಾಣುತ್ತಿತ್ತು. ನಾನು ಒಳಗೆ ಹೋಗಿ ಬಟ್ಟೆ ತಂದು ಹಾಸಿ, ಕಾಯಿಯನ್ನು ಅದರ ಮೇಲಿಟ್ಟೆ. ನೆರಳು ಹೋಯಿತು. ಎತ್ತಿ ಸುಣ್ಣದ ಮೇಲಿಟ್ಟೆ. ಬಂತು. ಹೀಗೆ ಎಷ್ಟು ಸಲ ಮಾಡಿದೆನೋ. ಬಟ್ಟೆಗೆ ಹಾಕಿದ ನಾಲ್ಕು ಹನಿ ನೀಲಿ ಅವಳ ಮೂರು ವರ್ಷವನ್ನು ನುಂಗಿತ್ತು.

ಎದ್ದು ಹೋಗಬೇಕಿತ್ತು. ಅವಳ ಮನೆ ನಮ್ಮ ಮನೆಯಿಂದ ಎಂಟು ಬಾಗಿಲು ಆಚೆ. ಹೋಗಿ, ರೇವ, ನನ್ನಿಂದ ತಪ್ಪಾಯಿತು ಬಾ ಎಂದರೆ ಮುಗಿಯುತ್ತಿತ್ತು. ನಾನು ಆ ಕಾಯಿಯನ್ನು ಹೆಚ್ಚಿ ಹುಳಿಗೆ ಹಾಕಿದೆ. ಯಜಮಾನರು ರುಚಿಯಾಗಿದೆ ಎಂದರು.

ಬುಧವಾರ, ಇವತ್ತು ಬೇಡ, ಅವಳು ಕೋಪದಲ್ಲಿರುತ್ತಾಳೆ ಎಂದುಕೊಂಡೆ. ಅವಳ ಕೋಪಕ್ಕೆ ನಾನು ಹೆದರುತ್ತಿರಲಿಲ್ಲ. ನೀಲಿ ಹಾಕಿದ್ದನ್ನು ಹೇಳಬೇಕಾಗುತ್ತದಲ್ಲ, ಅದಕ್ಕೆ ಹೆದರುತ್ತಿದ್ದೆ. ಗುರುವಾರ ಮೇಡಂ ಫೋನು ಬಂತು. ಬಂದವರಲ್ಲಿ ಯಾರೋ ವಿಡಿಯೋ ಮಾಡಿದ್ದರಂತೆ. ನಾನು ಸ್ವಂತ ವಾರಗಿತ್ತಿಗೆ ಇಲ್ಲ ಎಂದದ್ದನ್ನು ಸಾವಿರಾರು ಜನ ನೋಡಿದ್ದಾರಂತೆ. "ಆರ್ಡರ್ ಎರಡರಷ್ಟಾಗಿದೆ. ಇನ್ನು ವಾರಕ್ಕೆ ಎರಡು ವ್ಯಾನ್ ಕಳಿಸ್ತೀನಿ. ಚೀಲದ ಮೇಲೆ ನಿಮ್ಮ ಫೋಟೋ ಹಾಕೋಣ ಅಂತಿದ್ದೀವಿ" ಎಂದರು. ಫೋನು ಇಟ್ಟ ಮೇಲೆ ನಾನು ಲೆಕ್ಕ ಹಾಕಿದೆ. ಈಗ ತಪ್ಪಾಯಿತೆಂದರೆ ನನ್ನೊಬ್ಬಳ ಮರ್ಯಾದೆ ಹೋಗುವುದಿಲ್ಲ, ಇಡೀ ಊರಿನ ಕಾಯಿಯ ಮೇಲೆ ಅನುಮಾನ ಬರುತ್ತದೆ, ನಲವತ್ತು ಮನೆ ಮುಳುಗುತ್ತವೆ ಎಂದು. ಊರಿನ ಹಿತ ನನಗೆ ಅವತ್ತಿನಷ್ಟು ಯಾವತ್ತೂ ಮುಖ್ಯವಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊರಟೆ. ಮನೆಯಲ್ಲಿ ಮರಿಸ್ವಾಮಿ ಇರುತ್ತಾನೆಂದು ಹೊಲದ ದಾರಿ ಹಿಡಿದೆ. ಅವಳ ಹೊಲದ ಕಳ್ಳಿ ಬೇಲಿಯವರೆಗೆ ಹೋದೆ. ಗಿಡಗಳು ಕಾಯಿಯ ಭಾರಕ್ಕೆ ಬಾಗಿದ್ದವು. ಬಿಡಿಸುವವರಿಲ್ಲದೆ ಕೆಲವು ಹಣ್ಣಾಗಿ ಹಳದಿ ತಿರುಗುತ್ತಿದ್ದವು. ಯಾರೂ ಕಾಣಲಿಲ್ಲ. ಕೂಗಬಹುದಿತ್ತು. ಬಾಯಿ ತೆರೆದೆ, ಮೊದಲ ಮಾತು ಏನಿರಬೇಕೆಂದು ತೋಚಲಿಲ್ಲ. ಅವಳಿಲ್ಲ, ನಾಳೆ ಬರುತ್ತೇನೆ ಎಂದುಕೊಂಡು ತಿರುಗಿದೆ. ಹಿಂದಿರುಗಿ ಬರುವಾಗ ನನ್ನ ಕಾಲುಗಳು ಹಗುರಾಗಿದ್ದವು, ಅದು ನನಗೆ ಚೆನ್ನಾಗಿ ನೆನಪಿದೆ.

ಶನಿವಾರ ಹತ್ತು ಗಂಟೆಗೆ ಮರಿಸ್ವಾಮಿ ನಮ್ಮ ಬಾಗಿಲ ಮುಂದೆಯೇ ಹೋದ. ಗಾಡಿಯ ಹಿಂದೆ ಎರಡು ಮೂಟೆ ಯೂರಿಯಾ. ನನ್ನ ಕಡೆ ತಿರುಗಲಿಲ್ಲ. ಮೂರು ವರ್ಷ ಹಸಿದಿದ್ದ ಮಣ್ಣು ಅದನ್ನು ಹೇಗೆ ಕುಡಿಯಿತೆಂದು ಪಕ್ಕದ ಹೊಲದವರು ಆಮೇಲೆ ಹೇಳಿದರು. ವಾರದೊಳಗೆ ಎಲೆಗಳು ಕಪ್ಪುಹಸಿರಾಗಿ ಅಂಗೈ ಅಗಲ ಆದವಂತೆ. ಆ ಬೆಳೆ ಮುಗಿದ ಮೇಲೆ ಗಿಡ ಕಿತ್ತು ಕೋಸು ಹಾಕಿದರು.

ನಾನು ಬಟ್ಟೆಯನ್ನು ಮತ್ತೆ ಅಂಟುವಾಳದಲ್ಲಿ ಒಗೆದೆ, ನೀಲಿ ಹೋಗುವವರೆಗೆ, ಹನ್ನೊಂದು ಸಲ. ಅದೇ ಬಟ್ಟೆಯಲ್ಲಿ ಇನ್ನೂ ನಾಲ್ಕು ವರ್ಷ ನೆರಳು ನೋಡಿದೆ. ಚೀಲದ ಮೇಲೆ ನನ್ನ ಫೋಟೋ ಬಂತು. ಫೋಟೋದಲ್ಲಿ ನಾನು ನನಗಿಂತ ಒಳ್ಳೆಯವಳ ಹಾಗೆ ಕಾಣುತ್ತಿದ್ದೆ. ರೇವಮ್ಮ ಮಾತು ಬಿಡಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸಿದಳು, ನನ್ನ ಮಗಳ ಮದುವೆಯಲ್ಲಿ ಮೂರು ದಿನ ಒಲೆಯ ಮುಂದೆ ನಿಂತಳು. ನಗು ಮಾತ್ರ ನಮ್ಮ ಮನೆಗೆ ತರಲಿಲ್ಲ. ಅದು ಅವಳ ವಯಸ್ಸು ಎಂದು ಹೇಳಿಕೊಂಡೆ. ಎಲ್ಲದಕ್ಕೂ ಮರಿಸ್ವಾಮಿಯೇ ಕಾರಣ ಎಂದೂ ಹೇಳಿಕೊಂಡೆ. ಇನ್ನೂ ನಾಲ್ಕು ದಿನ ತಾಳಿದ್ದರೆ ನಾನು ಹೋಗುತ್ತಿರಲಿಲ್ಲವೇ, ಅವನಿಗೆ ಯಾಕೆ ಅಷ್ಟು ಆತುರ ಎಂದು. ಇದನ್ನು ಎಷ್ಟು ಸಲ ಹೇಳಿಕೊಂಡೆನೆಂದರೆ, ಬರಬರುತ್ತ ನಂಬಿಕೆಯೇ ಬಂತು.

ಕಳೆದ ಸುಗ್ಗಿಯಲ್ಲಿ ಒಬ್ಬರ ಮನೆಯ ನಾಮಕರಣದ ಊಟಕ್ಕೆ ಕೂತಿದ್ದೆವು. ಗಂಡಸರ ಪಂಕ್ತಿಯಲ್ಲಿ ಯಾರೋ ಮರಿಸ್ವಾಮಿಯನ್ನು ಕೆಣಕಿದರು. "ಏನಪ್ಪ, ಹೆಂಡ್ತಿ ಕೈಯಾರೆ ಹುಳ ಹೆಕ್ಕಿ ಸಾಕಿದ ಹೊಲಕ್ಕೆ ನಾಲ್ಕೇ ದಿನದಲ್ಲಿ ಯೂರಿಯಾ ಸುರಿದ ಶೂರ ನೀನೇ ಅಲ್ವಾ? ಈಗ ಅದು ನೆರಳಿನ ಹೊಲ ಆಗಿದ್ದಿದ್ರೆ ಹೆಂಚಿನ ಮನೆ ಹೋಗಿ ತಾರಸಿ ಆಗಿರೋದು." ಎಲ್ಲರೂ ನಕ್ಕರು. ಮರಿಸ್ವಾಮಿ ತಲೆ ಬಗ್ಗಿಸಿ ಪಾಯಸ ಕಲಸುತ್ತಾ, "ಹೌದಪ್ಪ, ನಂದೇ ತಪ್ಪು" ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಎಲೆಯ ಮೇಲಿನ ಊಟ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ರೇವಮ್ಮನ ಹೊಲಕ್ಕೆ ಹೋದೆ. ಕೋಸು ಕೊಯ್ಲಿನ ದಿನ. ಅವಳೊಬ್ಬಳೇ ಮಚ್ಚಿನಿಂದ ಕತ್ತರಿಸಿ ರಾಶಿ ಹಾಕುತ್ತಿದ್ದಳು. ರಾಶಿ ಬಿಸಿಲಲ್ಲಿ ಬಿದ್ದಿತ್ತು, ನೆಲದ ಮೇಲೆ ಅದರ ನೆರಳು ಎಲ್ಲೂ ಇರಲಿಲ್ಲ. ನಾನು ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ನೀಲಿ ಹಾಕಿದ್ದು, ಜಗಲಿಯ ಮೇಲೆ ಕಂಡದ್ದು, ಮೇಡಂ ಫೋನು. ಹೇಳುವಾಗ ಒಂದು ಸಲವೂ ಅವಳು ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಮಚ್ಚನ್ನು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಟ್ಟು ನನ್ನ ಎದುರಿಗೆ ಕೂತಳು.

"ಗೊತ್ತಿತ್ತು ಅಕ್ಕ."

"ಏನು ಗೊತ್ತಿತ್ತು?"

"ನೆರಳು ಇದ್ದದ್ದು. ಅವತ್ತು ಮನೆಗೆ ಹೋದಾಗ ಮೊರದಲ್ಲಿ ಅಕ್ಕಿ ಹರವಿತ್ತು. ಅದರ ಮೇಲೆ ಒಂದು ಕಾಯಿ ಇಟ್ಟು ನೋಡ್ದೆ. ಚೆನ್ನಾಗೇ ಇತ್ತು. ಇವ್ರನ್ನೂ ಕರೆದು ತೋರಿಸ್ದೆ."

"ಮರಿಸ್ವಾಮಿಗೂ ಗೊತ್ತಾ? ಮತ್ತೆ ಯಾಕೇ ಬರಲಿಲ್ಲ ನೀನು? ಬಂದು ನನ್ನ ಜಗಲಿ ಮೇಲೆ ಕೂಗಾಡಬಾರದಾಗಿತ್ತಾ?"

"ಅವರು ಹೊರಟಿದ್ರು, ಅತ್ತಿಗೆಗೆ ಹೇಳಿ ಬತ್ತೀನಿ ಅಂತ. ನಾನೇ ಬ್ಯಾಡ ಅಂದೆ. ನಾವು ಬಂದು ಕೇಳಿದ್ರೆ ನೀನು ಒಪ್ಪಿಕೊಳ್ತಿದ್ದೆ ಅಕ್ಕ, ಅದು ನಂಗೆ ಗೊತ್ತು. ಕೇಳದೇನೇ ಬರ್ತೀಯೇನೋ ಅಂತ ನೋಡಬೇಕು ಅನ್ನಿಸ್ತು." ಅವಳು ಕೋಸಿನ ಹೊರ ಎಲೆಯೊಂದನ್ನು ಕಿತ್ತು ಸಣ್ಣಗೆ ಹರಿಯತೊಡಗಿದಳು. "ಮೂರು ದಿನ ಕಾದೆ. ಕಾಯಿ ಬಿಡಿಸಲಿಲ್ಲ. ನೀನು ಬಂದು ಕರೆದಾಗ ಗಿಡದಲ್ಲೇ ಇರಲಿ, ನಿನ್ನ ಕೈಯಲ್ಲೇ ಬಿಡಿಸೋಣ ಅಂತ."

ನಾನು ಬೇಲಿಯ ಕಡೆ ನೋಡಿದೆ.

"ಶುಕ್ರವಾರ ಬಂದಿದ್ದೆ ನೀನು. ಅಲ್ಲಿ, ಬೇಲಿ ಹತ್ರ. ನಾನು ನಡುವಿನ ಸಾಲಲ್ಲಿ ಬಗ್ಗಿ ಕಳೆ ಕೀಳ್ತಿದ್ದೆ. ಎದ್ದು ನಿಲ್ಲೋಣ ಅಂದ್ಕೊಂಡೆ, ಆಮೇಲೆ ಬ್ಯಾಡ, ಅವಳೇ ಕೂಗಲಿ ಅಂತ ಉಸಿರು ಹಿಡಿದು ಕೂತೆ. ನೀನು ಬಾಯಿ ತೆರೆದದ್ದೂ ಕಾಣಿಸ್ತು." ಅವಳು ಹರಿದ ಎಲೆಯ ಚೂರುಗಳನ್ನು ಮಡಿಲಿಗೆ ಹಾಕಿಕೊಂಡಳು. "ನೀನು ತಿರುಗಿ ಹೋದ ಮೇಲೆ ಮನೆಗೆ ಹೋಗಿ ಇವರಿಗೆ ಹೇಳ್ದೆ, ನಾಳೆ ಗೊಬ್ಬರ ತನ್ನಿ ಅಂತ. ಅವರು ಬ್ಯಾಡ ಬ್ಯಾಡ ಅಂದ್ರು. ಇನ್ನೊಂದು ವರ್ಷ ನೋಡೋಣ, ನಾನೇ ಕೂಲಿಗೆ ಹೋಗ್ತೀನಿ ಅಂದ್ರು. ನಾನು ಕೇಳಲಿಲ್ಲ. ಆ ಎರಡು ಮೂಟೆನೂ ಈ ಕೈಯಲ್ಲೇ ಹರಡಿದ್ದು."

"ಊರವರು ಅವನನ್ನ ಅಂತಾರೆ."

"ಅಂದುಕೊಳ್ಳಲಿ ಬಿಡು ಅಂತಾರೆ ಅವರು. ನಮ್ಮನೆ ಹೆಂಗಸರಿಬ್ಬರ ವಿಚಾರ ಸಂತೆಗೆ ಬ್ಯಾಡ ಅಂತ."

ದೂರದಲ್ಲಿ ಲಾರಿಯ ಹಾರ್ನ್ ಕೇಳಿಸಿತು. ರೇವಮ್ಮ ಎದ್ದಳು. ಸೀರೆಗೆ ಅಂಟಿದ ಎಲೆಯ ಚೂರು ಕೊಡವಿ, ಖಾಲಿ ಗೋಣಿಚೀಲವೊಂದನ್ನು ನನ್ನ ಕೈಗೆ ಕೊಟ್ಟಳು. ನಾನು ಅದರ ಬಾಯಿ ಬಿಡಿಸಿ ಹಿಡಿದು ನಿಂತೆ. ಅವಳು ಒಂದೊಂದೇ ಕೋಸು ಎತ್ತಿ ಒಳಗೆ ಹಾಕತೊಡಗಿದಳು. ಪ್ರತಿ ಸಲವೂ ಚೀಲ ನನ್ನ ಕೈಯನ್ನು ಸ್ವಲ್ಪ ಕೆಳಗೆ ಎಳೆಯುತ್ತಿತ್ತು.

"ಇನ್ನೂ ಅಗಲ ಹಿಡಿ ಅಕ್ಕ" ಎಂದಳು. "ಲಾರಿ ನಿಲ್ಲಲ್ಲ."